ರಾತ್ರಿ ಹಾಸಿಗೆ ಒದ್ದೆಯಾದರೆ ಮೊದಲು ಹಗಲನ್ನು ನೋಡಿ

ಪ್ರಶ್ನೆ: ನನ್ನ ಮಗನಿಗೆ ಎಂಟೂವರೆ ವರ್ಷ, ಮೂರನೇ ತರಗತಿ. ವಾರದಲ್ಲಿ ನಾಲ್ಕೈದು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. ಚಿಕ್ಕಂದಿನಿಂದ ಒಂದು ತಿಂಗಳಾದರೂ ಸತತವಾಗಿ ಹಾಸಿಗೆ ಒಣಗಿದ್ದಿಲ್ಲ. ಹಗಲಿನಲ್ಲಿ ಚಡ್ಡಿ ಒದ್ದೆ ಮಾಡುವುದಿಲ್ಲ. ಆದರೆ ಶಾಲೆಯಿಂದ ಬಂದವನೇ ಬ್ಯಾಗ್ ಎಸೆದು ಬಚ್ಚಲಿಗೆ ಓಡುತ್ತಾನೆ. ಬೆಳಿಗ್ಗೆ ತುಂಬಿಸಿ ಕಳಿಸಿದ ನೀರಿನ ಬಾಟಲಿ ಹಾಗೆಯೇ ವಾಪಸ್ ಬರುತ್ತದೆ. ಎರಡಕ್ಕೆ ಹೋಗುವುದು ಎರಡು ಮೂರು ದಿನಕ್ಕೊಮ್ಮೆ, ಅದು ಮೊದಲಿನಿಂದಲೂ ಹಾಗೆಯೇ. ಸಂಜೆ ಆರರ ನಂತರ ನೀರು ಕೊಡುವುದನ್ನು ನಿಲ್ಲಿಸಿದ್ದೇನೆ, ರಾತ್ರಿ ಎರಡು ಸಲ ಎಬ್ಬಿಸುತ್ತೇನೆ. ಅತ್ತೆಯವರು ಎಳ್ಳು ಬೆಲ್ಲ ತಿನ್ನಿಸುತ್ತಾರೆ, ತಾಯತ ಕಟ್ಟಿಸಿದ್ದಾರೆ. ಯಜಮಾನರು ಸೋಮಾರಿತನ ಎಂದು ಬೈಯುತ್ತಾರೆ, ಕಳೆದ ವಾರ ಹೊಡೆದೂಬಿಟ್ಟರು. ಎಕ್ಸ್‌ರೇ ತೆಗೆಸಿದಾಗ ಬೆನ್ನುಮೂಳೆಯ ಕೆಳಗಿನ ಒಂದು ಎಲುಬು ಸರಿಯಾಗಿ ಕೂಡಿಲ್ಲ ಎಂದು ಬಂದಿದೆ. ಅದರಿಂದಲೇ ಹೀಗೆ ಆಗುತ್ತಿದೆಯೇ? ನಾದಿನಿಯ ಮಗನಿಗೆ ಕೊಡುತ್ತಿದ್ದ ಇಮಿಪ್ರಮಿನ್ ಮಾತ್ರೆ ಮನೆಯಲ್ಲಿದೆ, ಇವನಿಗೂ ಕೊಡಬಹುದೇ? ಮುಂದಿನ ತಿಂಗಳು ನೆಂಟರ ಮದುವೆಗೆ ಹೋಗಿ ಎರಡು ರಾತ್ರಿ ಛತ್ರದಲ್ಲಿ ಉಳಿಯಬೇಕು. ಎಲ್ಲ ಮಕ್ಕಳೂ ಒಂದೇ ಜಮಖಾನೆಯ ಮೇಲೆ ಸಾಲಾಗಿ ಮಲಗುತ್ತಾರೆ. ಏನು ಮಾಡಲಿ?
– ಹೆಸರು ಬೇಡವೆಂದ ಓದುಗರು, ದಾವಣಗೆರೆ

ಉತ್ತರ: ನೀವು ಕೇಳಿರುವುದು ಎಲುಬು, ಮಾತ್ರೆ, ಮದುವೆ ಈ ಮೂರರ ಬಗ್ಗೆ. ಮೂರಕ್ಕೂ ಉತ್ತರ ಹೇಳುತ್ತೇನೆ. ಆದರೆ ಪ್ರಶ್ನೆಯಾಗಿ ಕೇಳದೆ, ಹಾಗೆಯೇ ಬರೆದುಬಿಟ್ಟಿರುವ ಎರಡು ಸಂಗತಿಗಳು ನನ್ನ ಕಣ್ಣಿಗೆ ಹೆಚ್ಚು ಬಿದ್ದವು: ತುಂಬಿದ್ದು ತುಂಬಿದಂತೆಯೇ ಮನೆಗೆ ಬರುವ ನೀರಿನ ಬಾಟಲಿ, ಮತ್ತು ಮೂರು ದಿನಕ್ಕೊಮ್ಮೆ ಎರಡಕ್ಕೆ ಹೋಗುವ ಹುಡುಗ. ಹಾಸಿಗೆ ಒದ್ದೆಯಾಗುವುದು ರಾತ್ರಿ. ನಾವು ಕೈಹಾಕಿ ಸರಿಪಡಿಸಬಹುದಾದದ್ದು ಬಹುಪಾಲು ಇರುವುದು ಹಗಲಿನಲ್ಲಿ.

ಮೊದಲು ಯಜಮಾನರಿಗೆ ಒಂದು ಮಾತು. ನಿದ್ದೆಯಲ್ಲಿ ಮೂತ್ರ ಹೋಗುವುದು ಮಗು ಮಾಡುವ ಕೆಲಸವಲ್ಲ, ಮಗುವಿಗೆ ಆಗುವ ಸಂಗತಿ. ಅದರಲ್ಲಿ ಸೋಮಾರಿತನಕ್ಕೂ ಹಟಕ್ಕೂ ಜಾಗವಿಲ್ಲ. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿ ಹೀಗೆ ಮಾಡುತ್ತಾರೆ. ಏಳರ ಹೊತ್ತಿಗೆ ಅದು 5ರಿಂದ 10ಕ್ಕೆ ಇಳಿಯುತ್ತದೆ. ಆಮೇಲೆ ಪ್ರತಿ ವರ್ಷ, ಉಳಿದವರಲ್ಲಿ ಸುಮಾರು ಶೇ 15ರಷ್ಟು ಮಕ್ಕಳಿಗೆ ಯಾವ ಔಷಧವೂ ಇಲ್ಲದೆ ತಾನಾಗಿ ನಿಲ್ಲುತ್ತದೆ. ಹುಡುಗರಲ್ಲಿ ಇದು ಹುಡುಗಿಯರಿಗಿಂತ ಹೆಚ್ಚು. ಲೆಕ್ಕ ಹಾಕಿದರೆ ನಿಮ್ಮ ಮಗನ ತರಗತಿಯಲ್ಲಿ 40 ಮಕ್ಕಳಿದ್ದರೆ, ಅವನ ಜೊತೆಗೆ ಇನ್ನೂ ಒಬ್ಬರೋ ಇಬ್ಬರೋ ಇದೇ ಗುಟ್ಟನ್ನು ಇಟ್ಟುಕೊಂಡು ಕೂತಿರುತ್ತಾರೆ. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ.

ಇದು ಬಹಳ ಮಟ್ಟಿಗೆ ವಂಶದಲ್ಲಿ ಹರಿದು ಬರುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಹೀಗಾಗುತ್ತಿದ್ದರೆ ಮಗುವಿಗೆ ಆಗುವ ಸಾಧ್ಯತೆ ಸುಮಾರು ಶೇ 44, ಇಬ್ಬರಿಗೂ ಇದ್ದಿದ್ದರೆ ಶೇ 77. ಆದ್ದರಿಂದ ಬೈಯುವ ಮೊದಲು ಯಜಮಾನರು ತಮ್ಮ ತಾಯಿಯವರನ್ನು ಒಂದು ಮಾತು ಕೇಳಲಿ. ನನ್ನ ಕೊಠಡಿಯಲ್ಲಿ ಈ ಪ್ರಶ್ನೆ ಎತ್ತಿದಾಗ ತಂದೆ ತಲೆ ಅಲ್ಲಾಡಿಸುತ್ತಾರೆ, ಪಕ್ಕದಲ್ಲಿ ಕೂತ ಅಜ್ಜಿ ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಹಾಗೇನಾದರೂ ಇದ್ದರೆ ಅದನ್ನು ಮಗನಿಗೆ ತಂದೆಯೇ ಹೇಳಬೇಕು. ಏಟಿನಿಂದ ಆಗದ ಕೆಲಸ ಅದರಿಂದ ಆಗುತ್ತದೆ ಎಂದು ಹೇಳಲಾರೆ. ಮೂತ್ರಕೋಶಕ್ಕೆ ಮಾತು ಕೇಳಿಸುವುದಿಲ್ಲ. ಆದರೆ ಹುಡುಗ ಚಿಕಿತ್ಸೆಗೆ ಒಪ್ಪುತ್ತಾನೆ, ಮತ್ತು ಅವನು ಒಪ್ಪದ ಹೊರತು ಮುಂದೆ ಹೇಳುವ ಯಾವುದೂ ನಡೆಯುವುದಿಲ್ಲ.

ಒಳಗೆ ನಡೆಯುವುದೇನು? ರಾತ್ರಿಯಾಗುತ್ತಲೇ ಮಿದುಳು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುಗಡೆ ಮಾಡುತ್ತದೆ. ಅದು ಮೂತ್ರಪಿಂಡಗಳಿಗೆ ನೀರು ಉಳಿಸಿಕೊಳ್ಳಲು ಹೇಳುತ್ತದೆ, ಮೂತ್ರದ ಪ್ರಮಾಣ ತಗ್ಗುತ್ತದೆ. ಕೆಲವು ಮಕ್ಕಳಲ್ಲಿ ಈ ವ್ಯವಸ್ಥೆ ತಡವಾಗಿ ಬಲಿಯುತ್ತದೆ. ಅವರಿಗೆ ರಾತ್ರಿಯೂ ಹಗಲಿನಷ್ಟೇ ಮೂತ್ರ ತಯಾರಾಗುತ್ತದೆ. ಇನ್ನು ಕೆಲವರಲ್ಲಿ ಮೂತ್ರಕೋಶ ಹಿಡಿಯಬೇಕಾದಷ್ಟು ಹಿಡಿಯುವುದಿಲ್ಲ, ಅರ್ಧ ತುಂಬುವಷ್ಟರಲ್ಲೇ ಹಿಂಡಿಕೊಳ್ಳುತ್ತದೆ. ಇವೆರಡರ ಜೊತೆಗೆ ಮೂರನೆಯದೊಂದು ಇದ್ದೇ ಇರುತ್ತದೆ: ಮೂತ್ರಕೋಶ ತುಂಬಿದ ಸುದ್ದಿ ನಿದ್ದೆಯಲ್ಲಿರುವ ಮಿದುಳನ್ನು ಎಬ್ಬಿಸುವುದಿಲ್ಲ. ಎಚ್ಚರವಾಗಿದ್ದರೆ ಎದ್ದು ಹೋಗುತ್ತಿದ್ದ, ಅಷ್ಟೇ. ಪಕ್ಕದಲ್ಲಿ ಪಟಾಕಿ ಹೊಡೆದರೂ ಏಳುವುದಿಲ್ಲ ಎಂದು ತಾಯಂದಿರು ಹೇಳುವುದು ಉತ್ಪ್ರೇಕ್ಷೆಯಲ್ಲ.

ಈಗ ಎಕ್ಸ್‌ರೇ. ಬೆನ್ನುಮೂಳೆಯ ಕೆಳತುದಿಯಲ್ಲಿ ಒಂದು ಎಲುಬಿನ ಹಿಂಭಾಗ ಪೂರ್ತಿ ಕೂಡದಿರುವುದು ಏನೂ ತೊಂದರೆಯಿಲ್ಲದ ಹತ್ತು ಜನರಲ್ಲಿ ಒಬ್ಬರಲ್ಲಾದರೂ ಕಾಣಸಿಗುತ್ತದೆ. ನನ್ನ ಬೆನ್ನಿನ ಎಕ್ಸ್‌ರೇ ತೆಗೆದರೂ ಸಿಗಬಹುದು. ಹಾಸಿಗೆ ಒದ್ದೆಯಾಗುತ್ತದೆ ಎಂಬ ಒಂದೇ ಕಾರಣಕ್ಕೆ ಈ ಎಕ್ಸ್‌ರೇ ತೆಗೆಸುವ ಅಗತ್ಯವೇ ಇರಲಿಲ್ಲ. ವರದಿಯ ಹಾಳೆಗಿಂತ ಮಗುವಿನ ಬೆನ್ನು ಮುಖ್ಯ. ಸೊಂಟದ ಕೆಳಗೆ, ಕುಂಡಿಯ ಸೀಳಿಗೆ ಮೇಲೆ, ಕೂದಲಿನ ಗೊಂಚಲು, ಆಳವಾದ ಗುಳಿ, ಮೆತ್ತನೆಯ ಗಂಟು ಅಥವಾ ಕೆಂಪು ಮಚ್ಚೆ ಇದೆಯೇ ನೋಡಿ. ನಡಿಗೆಯಲ್ಲಿ ವ್ಯತ್ಯಾಸ, ಒಂದು ಪಾದ ಸಣ್ಣದಾಗಿರುವುದು, ಗೊತ್ತಿಲ್ಲದೆ ಚಡ್ಡಿಯಲ್ಲಿ ಮಲ ಸೋರುವುದು ಇವು ಇದ್ದರೆ ನರಕ್ಕೆ ಸಂಬಂಧಪಟ್ಟ ತಪಾಸಣೆ ಬೇಕು. ಇವು ಯಾವುವೂ ಇಲ್ಲದಿದ್ದರೆ ಆ ಎಕ್ಸ್‌ರೇಯನ್ನು ಬೀರುವಿನಲ್ಲಿಟ್ಟು ಮರೆತುಬಿಡಿ.

ಮಾಡಿಸಲೇಬೇಕಾದ ಪರೀಕ್ಷೆ ಒಂದೇ, ಸಾಧಾರಣ ಮೂತ್ರ ಪರೀಕ್ಷೆ. ಸೋಂಕು, ಸಕ್ಕರೆ, ಪ್ರೊಟೀನ್ ಇವೆಯೇ ಎಂದು ತಿಳಿಯಲು ಅಷ್ಟು ಸಾಕು. ವೈದ್ಯರು ರಕ್ತದೊತ್ತಡ ನೋಡಿ, ಹೊಟ್ಟೆ ಮುಟ್ಟಿ, ಬೆನ್ನು ನೋಡುತ್ತಾರೆ. ಸ್ಕ್ಯಾನಿಂಗ್ ಎಲ್ಲರಿಗೂ ಬೇಕಿಲ್ಲ. ಹಗಲಿನಲ್ಲೂ ಸೋರುವುದು, ಮೂತ್ರದ ಧಾರೆ ತೆಳ್ಳಗಿರುವುದು, ತಿಣುಕಿ ಹೋಗಬೇಕಾಗುವುದು, ಮತ್ತೆ ಮತ್ತೆ ಸೋಂಕು ಇದ್ದವರಿಗೆ ಮಾತ್ರ ಅದು ಬೇಕು.

ಇನ್ನೊಂದು ಸಂದರ್ಭವನ್ನು ಇಲ್ಲಿ ಬೇರೆ ಮಾಡಿ ಹೇಳಬೇಕು, ಏಕೆಂದರೆ ಇದನ್ನು ಓದುವ ಬೇರೆ ಮನೆಯವರಿಗೆ ಅದು ಬೇಕಾಗಬಹುದು. ಆರು ತಿಂಗಳಿಗೂ ಹೆಚ್ಚು ಕಾಲ ಒಣ ಹಾಸಿಗೆಯಲ್ಲಿ ಎದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡತೊಡಗಿದರೆ ಅದು ಬೇರೆಯೇ ಕಥೆ. ಅದರ ಜೊತೆಗೆ ಬಾಯಾರಿಕೆ ಹೆಚ್ಚಿ, ತೂಕ ಇಳಿಯುತ್ತಿದ್ದರೆ ಅದೇ ದಿನ ರಕ್ತದ ಸಕ್ಕರೆ ಪರೀಕ್ಷಿಸಬೇಕು. ಮಕ್ಕಳ ಸಕ್ಕರೆ ಕಾಯಿಲೆ ಹೀಗೆ ಹಾಸಿಗೆಯಲ್ಲೇ ಮೊದಲು ಕಾಣಿಸಿಕೊಳ್ಳುವುದುಂಟು. ಸೋಂಕು ಇರಬಹುದು. ಮನೆಯಲ್ಲಿ ಸಾವು, ಜಗಳ, ಹೊಸ ಹಾಸ್ಟೆಲ್, ಶಾಲೆಯಲ್ಲಿ ಕಾಟ, ಕೆಲವೊಮ್ಮೆ ಯಾರಾದರೂ ಮಗುವಿನ ಮೈಮುಟ್ಟಿ ದೌರ್ಜನ್ಯ ಮಾಡಿರುವುದು, ಇವೆಲ್ಲವೂ ಕಾರಣವಾಗಬಹುದು. ನಿಮ್ಮ ಮಗನದು ಆ ಬಗೆಯದಲ್ಲ.

ಇನ್ನು ಬಾಟಲಿಯ ವಿಷಯ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟ ಹುಡುಗ ಸಂಜೆ ನಾಲ್ಕೂವರೆಗೆ ಬರುವವರೆಗೂ ನೀರು ಕುಡಿಯುವುದಿಲ್ಲ, ಒಂದಕ್ಕೂ ಹೋಗುವುದಿಲ್ಲ ಎಂದಿಟ್ಟುಕೊಳ್ಳಿ. ಕಾರಣ ಕೇಳಿದರೆ ಅವನೇ ಹೇಳುತ್ತಾನೆ: ಶಾಲೆಯ ಶೌಚಾಲಯ ನಾರುತ್ತದೆ, ಚಿಲಕವಿಲ್ಲ, ಅಥವಾ ಮೇಷ್ಟ್ರು ಬಿಡುವುದಿಲ್ಲ. ನನ್ನಲ್ಲಿಗೆ ಬರುವ ಮಕ್ಕಳಲ್ಲಿ, ಸರ್ಕಾರಿ ಶಾಲೆಯವರಾಗಲಿ ಭಾರೀ ಶುಲ್ಕದ ಶಾಲೆಯವರಾಗಲಿ, ಈ ಉತ್ತರ ಬದಲಾಗುವುದಿಲ್ಲ. ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ ‘ನೀರಿನ ಗಂಟೆ’ಯನ್ನು 2019ರಲ್ಲಿ ಕೇರಳದ ಶಾಲೆಗಳು ಬಾರಿಸತೊಡಗಿದಾಗ ನಮ್ಮಲ್ಲೂ ಅದರ ಮಾತು ಬಹಳ ನಡೆಯಿತು. ಒಳ್ಳೆಯದೇ. ಕುಡಿದ ನೀರನ್ನು ಬಿಡಲು ಜಾಗ ಚೊಕ್ಕಟವಾಗಿಲ್ಲದಿದ್ದರೆ ಗಂಟೆ ಎಷ್ಟು ಬಾರಿಸಿದರೂ ಬಾಟಲಿ ತುಂಬಿಯೇ ಮನೆಗೆ ಬರುತ್ತದೆ.

ಹೀಗೆ ಒಣಗಿ ಬಂದ ಮಗು ಸಂಜೆ ಐದರಿಂದ ಒಂಬತ್ತರೊಳಗೆ ಇಡೀ ದಿನದ ನೀರನ್ನು ಕುಡಿಯುತ್ತದೆ. ನಿಮ್ಮ ಊರಿನಲ್ಲಿ ಸಂಜೆ ಮಂಡಕ್ಕಿ ಮಿರ್ಚಿ ಬೇಡ ಎನ್ನುವುದು ಕಷ್ಟ. ಅದರ ಉಪ್ಪು ಖಾರಕ್ಕೆ ಮತ್ತೆರಡು ಲೋಟ ನೀರು. ಊಟಕ್ಕೆ ಉಪ್ಪಿನಕಾಯಿ, ಹಪ್ಪಳ. ಮಲಗುವ ಮುಂಚೆ ದೊಡ್ಡ ಲೋಟದ ಹಾಲು. ಉಪ್ಪನ್ನು ಹೊರಹಾಕಲು ಮೂತ್ರಪಿಂಡಕ್ಕೆ ನೀರು ಬೇಕು, ಹಾಗಾಗಿ ಉಪ್ಪಿನ ರಾತ್ರಿಯೂಟ ನೀರಿಲ್ಲದೆಯೂ ಮೂತ್ರ ಹೆಚ್ಚಿಸುತ್ತದೆ. ನೀವು ಆರರ ನಂತರ ನೀರು ನಿಲ್ಲಿಸಿದ್ದೀರಿ. ಹಗಲಿನಲ್ಲಿ ಕುಡಿಸದೆ ಸಂಜೆಯೂ ನಿಲ್ಲಿಸಿದರೆ ಹುಡುಗ ಬಾಯಾರಿ ಕದ್ದು ಕುಡಿಯುತ್ತಾನೆ, ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಈ ವಯಸ್ಸಿಗೆ ದಿನಕ್ಕೆ ಒಂದರಿಂದ ಒಂದೂಕಾಲು, ಒಂದೂವರೆ ಲೀಟರ್ ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅದರ ಐದರಲ್ಲಿ ಎರಡು ಪಾಲು ಮಧ್ಯಾಹ್ನದೊಳಗೆ, ಎರಡು ಪಾಲು ಮಧ್ಯಾಹ್ನದಿಂದ ಐದರವರೆಗೆ, ಉಳಿದ ಒಂದು ಪಾಲು ಮಾತ್ರ ಆಮೇಲೆ. ಹಾಲನ್ನು ಬೆಳಿಗ್ಗೆಗೆ ಇಲ್ಲವೇ ಶಾಲೆಯಿಂದ ಬಂದ ತಕ್ಷಣಕ್ಕೆ ಸರಿಸಿ. ಎರಡು ಮೂರು ಗಂಟೆಗೊಮ್ಮೆ ಒಂದಕ್ಕೆ ಹೋಗಲು ಬಿಡಬೇಕೆಂದು ತರಗತಿಯ ಶಿಕ್ಷಕಿಗೆ ಒಂದು ಚೀಟಿ ಬರೆದುಕೊಡಿ. ಕಾರಣ ಬರೆಯಬೇಕಿಲ್ಲ, ವೈದ್ಯರು ಹೇಳಿದ್ದಾರೆ ಎಂದರೆ ಸಾಕು.

ಎರಡನೆಯದು ಮಲಬದ್ಧತೆ, ನನ್ನ ಪ್ರಕಾರ ನಿಮ್ಮ ಮಗನ ವಿಷಯದಲ್ಲಿ ಇದೇ ಮುಖ್ಯ. ಮಲಾಶಯ ಮೂತ್ರಕೋಶದ ಬೆನ್ನಿಗೇ ಅಂಟಿಕೊಂಡಂತಿದೆ. ಬಸ್ಸಿನ ಎರಡು ಆಸನದ ಸೀಟಿನಲ್ಲಿ ಒಬ್ಬರು ಅಕ್ಕಿಮೂಟೆ ಇಟ್ಟುಕೊಂಡು ಕೂತರೆ ಪಕ್ಕದವರ ಪಾಡು ಏನಾಗುತ್ತದೋ, ಮೂರು ದಿನದ ಮಲ ತುಂಬಿಕೊಂಡಾಗ ಮೂತ್ರಕೋಶದ ಪಾಡು ಅದೇ. ಹಿಗ್ಗಲು ಜಾಗವಿಲ್ಲ, ಸುಮ್ಮನೆ ಕೂರಲೂ ಬಿಡುವುದಿಲ್ಲ. ಸಂಜೆ ಬಂದವನೇ ಓಡುತ್ತಾನೆ ಎಂದಿರಲ್ಲ, ಆ ಅವಸರಕ್ಕೆ ದಿನವಿಡೀ ತಡೆದದ್ದರ ಜೊತೆಗೆ ಇದೂ ಕಾರಣವಿರಬಹುದು. ಇದನ್ನು ಸರಿಮಾಡದೆ ಹಾಸಿಗೆಗೆ ಮಾತ್ರೆ ಕೊಡುವುದು ಬೇರು ಬಿಟ್ಟು ಎಲೆಗೆ ನೀರು ಹಾಕಿದಂತೆ.

ಸೊಪ್ಪು, ಸೀಬೆಹಣ್ಣು, ರೊಟ್ಟಿ ಜೊತೆ ಕಾಳಿನ ಪಲ್ಯ ಒಳ್ಳೆಯವೇ, ಬೇಕರಿ ಬಿಸ್ಕತ್ತು ಕಡಿಮೆಯಾಗಲಿ. ಆದರೆ ವರ್ಷಗಟ್ಟಲೆಯ ಮಲಬದ್ಧತೆ ಬಾಳೆಹಣ್ಣಿಗೆ ಬಗ್ಗುವುದಿಲ್ಲ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಅಥವಾ ಲ್ಯಾಕ್ಟುಲೋಸ್ ಸಿರಪ್ ಬೇಕಾಗುತ್ತದೆ, ಪ್ರಮಾಣವನ್ನು ಮಕ್ಕಳ ತಜ್ಞರು ತೂಕ ನೋಡಿ ಬರೆಯುತ್ತಾರೆ. ಇವು ಅಭ್ಯಾಸವಾಗಿಬಿಡುತ್ತವೆ ಎಂಬ ಭಯದಿಂದ ಒಂದೇ ವಾರಕ್ಕೆ ನಿಲ್ಲಿಸುವವರೇ ಹೆಚ್ಚು. ಕೆಲವು ತಿಂಗಳಾದರೂ ಕೊಡಬೇಕು. ಹಿಗ್ಗಿದ ಮಲಾಶಯ ಮೊದಲಿನ ಗಾತ್ರಕ್ಕೆ ಬರಲು ಅಷ್ಟು ಕಾಲ ಹಿಡಿಯುತ್ತದೆ. ರಾತ್ರಿಯೂಟ ಅಥವಾ ಬೆಳಗಿನ ತಿಂಡಿಯ ನಂತರ ಐದು ನಿಮಿಷ ಕಕ್ಕಸಿನಲ್ಲಿ ಕೂರಲಿ. ಕಮೋಡ್ ಇದ್ದರೆ ಕಾಲು ಜೋತಾಡದಂತೆ ಕೆಳಗೆ ಒಂದು ಮಣೆ ಇಡಿ. ಕೆಲವು ಮಕ್ಕಳಿಗೆ ಇಷ್ಟರಲ್ಲೇ ಹಾಸಿಗೆ ಒಣಗುವುದನ್ನು ಕಂಡಿದ್ದೇನೆ, ಎಲ್ಲರಿಗೂ ಅಲ್ಲ.

ಮುಂದಿನ ಭಾನುವಾರ ಒಂದು ಕೆಲಸ ಮಾಡಿ. ಅಳತೆಯ ಗೆರೆಗಳಿರುವ ಹಳೆಯ ಪ್ಲಾಸ್ಟಿಕ್ ಜಗ್ ಬಚ್ಚಲಿನಲ್ಲಿಟ್ಟು, ಅವನು ಪ್ರತಿ ಸಲ ಎಷ್ಟು ಮೂತ್ರ ಮಾಡಿದ, ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳಿ. ಹುಡುಗರಿಗೆ ಇದು ಆಟದಂತಿರುತ್ತದೆ, ಬೇಸರಿಸುವುದಿಲ್ಲ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಎಷ್ಟು ಮಿಲಿಲೀಟರ್ ಹಿಡಿಯಬೇಕೆಂಬ ಅಂದಾಜು ಸಿಗುತ್ತದೆ; ಎಂಟು ವರ್ಷಕ್ಕೆ 270. ಬೆಳಗ್ಗೆ ಎದ್ದ ಕೂಡಲೇ ಮಾಡಿದ್ದನ್ನು ಬಿಟ್ಟು, ದಿನದ ಅತಿ ಹೆಚ್ಚಿನ ಅಳತೆ ಇದರ ಅರ್ಧದ ಆಸುಪಾಸಿನಲ್ಲೇ ಇದ್ದರೆ ತೊಂದರೆ ಮೂತ್ರಕೋಶದಲ್ಲಿದೆ. ಎರಡು ರಜಾದಿನಗಳ ಈ ಹಾಳೆ, ಜೊತೆಗೆ ಎರಡು ವಾರ ಒದ್ದೆ-ಒಣ ರಾತ್ರಿಗಳ ಗುರುತು, ಇವಿಷ್ಟು ಹಿಡಿದು ವೈದ್ಯರ ಬಳಿ ಹೋದರೆ ಅರ್ಧ ಕೆಲಸ ಮುಗಿದಂತೆ.

ಅತ್ತೆಯವರ ಎಳ್ಳು ಬೆಲ್ಲಕ್ಕೆ ನನ್ನ ತಕರಾರಿಲ್ಲ. ಅದರಿಂದ ಹಾಸಿಗೆ ಒಣಗುವುದಿಲ್ಲ, ಹಲ್ಲುಜ್ಜಿಸಿ ಮಲಗಿಸಿದರೆ ಕೆಡುಕೂ ಇಲ್ಲ. ತಾಯತ ಇದ್ದಲ್ಲೇ ಇರಲಿ. ಮೊಸರು ಮಜ್ಜಿಗೆ ‘ತಂಪು’ ಎಂದು ನಿಲ್ಲಿಸಿದ್ದರೆ ಮಧ್ಯಾಹ್ನ ಮತ್ತೆ ಕೊಡಿ. ಜಂತುಹುಳುವಿನಿಂದ ಹೀಗಾಗುತ್ತದೆ ಎನ್ನುವ ಮಾತಿನಲ್ಲಿ ಒಂದು ಎಳೆ ಸತ್ಯವಿದೆ: ರಾತ್ರಿ ಗುದದ ಬಳಿ ತುರಿಕೆ ತರುವ ದಾರದಂಥ ಹುಳುಗಳು ಕೆಲವು ಮಕ್ಕಳಲ್ಲಿ ಇದನ್ನು ಹೆಚ್ಚಿಸಬಲ್ಲವು. ತುರಿಕೆ ಇದ್ದರೆ ವೈದ್ಯರಿಗೆ ಹೇಳಿ. ಗೊರಕೆ ಹೊಡೆಯುತ್ತಾನೆಯೇ, ಬಾಯಿ ತೆರೆದು ಮಲಗುತ್ತಾನೆಯೇ ಎಂಬುದನ್ನೂ ನೋಡಿ. ಟಾನ್ಸಿಲ್, ಅಡಿನಾಯ್ಡ್ ದಪ್ಪಗಾಗಿ ಉಸಿರು ಕಟ್ಟುವ ಮಕ್ಕಳಲ್ಲಿ ಅದಕ್ಕೆ ಚಿಕಿತ್ಸೆಯಾದ ಮೇಲೆ ಹಾಸಿಗೆ ಒಣಗುವುದುಂಟು.

ನಿಮ್ಮ ಪತ್ರದಲ್ಲಿ ಇಲ್ಲದ ಒಂದನ್ನು ಹೇಳಿಬಿಡುತ್ತೇನೆ. ಕೆಲವೆಡೆ ಇಂದಿಗೂ ಮಕ್ಕಳಿಗೆ ಬರೆ ಹಾಕಿಸುತ್ತಾರೆ. ಅದು ಚಿಕಿತ್ಸೆಯಲ್ಲ, ಸುಟ್ಟ ಗಾಯ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಹೀಗೆ ಹಿಂಸಿಸುವುದು ಅಪರಾಧ. ಯಾರಾದರೂ ಸಲಹೆ ಕೊಟ್ಟರೆ ಅಲ್ಲೇ ಬಾಯಿ ಮುಚ್ಚಿಸಿ.

ರಾತ್ರಿ ಎರಡು ಸಲ ಎಬ್ಬಿಸುವುದು ನಿಮ್ಮ ನಿದ್ದೆ ಕೆಡಿಸುತ್ತದೆ, ಅವನಿಗೆ ಏನನ್ನೂ ಕಲಿಸುವುದಿಲ್ಲ. ಅರೆನಿದ್ದೆಯಲ್ಲಿ ಹೊತ್ತುಕೊಂಡು ಹೋಗಿ ನಿಲ್ಲಿಸಿದರೆ ಹಾಸಿಗೆಯ ಬದಲು ಬಚ್ಚಲಿನಲ್ಲಿ ನಿದ್ದೆಗಣ್ಣಿನಲ್ಲೇ ಮೂತ್ರ ಮಾಡಿಸಿದಂತಾಯಿತು, ಅಷ್ಟೇ. ಬಟ್ಟೆ ಒಗೆಯುವ ಕಷ್ಟ ತಪ್ಪಲೆಂದು ನೀವು ಮಲಗುವ ಮುನ್ನ ಒಂದು ಸಲ ಎಬ್ಬಿಸುವುದಾದರೆ ಎಬ್ಬಿಸಿ. ಹಾಸಿಗೆಗೆ ರಬ್ಬರ್ ಶೀಟ್ ಹಾಕಿ, ಮೇಲೆ ಹಳೆಯ ಕೌದಿ ಇರಲಿ.

ನಿಜವಾಗಿ ಗುಣಪಡಿಸುವ ಸಾಧ್ಯತೆ ಹೆಚ್ಚಿರುವುದು ಅಲಾರಂಗೆ. ಅಮೆರಿಕದ ಮೌರರ್ ದಂಪತಿ 1938ರಲ್ಲಿ ಇದರ ಬಗ್ಗೆ ಬರೆದರು. ತತ್ವ ಅಂದಿನದೇ, ಉಪಕರಣ ಮಾತ್ರ ಚಿಕ್ಕದಾಗಿದೆ. ಚಡ್ಡಿಗೆ ಸಿಕ್ಕಿಸುವ ಸಣ್ಣ ಸಂವೇದಕ ಮೊದಲ ಹನಿಗೇ ಸದ್ದು ಮಾಡುತ್ತದೆ. ಮೊದಲ ಕೆಲವು ವಾರ ಅದಕ್ಕೆ ಏಳುವವರು ನೀವು, ಅವನಲ್ಲ. ಪ್ರತಿ ಸಲವೂ ಅವನನ್ನು ಪೂರ್ತಿ ಎಚ್ಚರಿಸಿ, ಬಚ್ಚಲಿಗೆ ಕಳಿಸಿ, ಚಡ್ಡಿ ಬದಲಿಸಿ, ಮತ್ತೆ ಸಿಕ್ಕಿಸಿ ಮಲಗಿಸಬೇಕು. ಒದ್ದೆಯಾದ ಜಾಗ ಸಣ್ಣದಾಗುವುದು, ಸದ್ದು ತಡವಾಗಿ ಆಗುವುದು, ಇವು ಮೊದಲ ಒಳ್ಳೆಯ ಲಕ್ಷಣಗಳು. ಎರಡು ಮೂರು ತಿಂಗಳು ಹಿಡಿಯುತ್ತದೆ. ಸತತ 14 ಒಣ ರಾತ್ರಿಗಳಾದ ಮೇಲೆ ನಿಲ್ಲಿಸಬಹುದು. ಸರಿಯಾಗಿ ಬಳಸಿದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಫಲ ಸಿಗುತ್ತದೆ. ಇದರ ಅಪಾಯ ದೇಹಕ್ಕಲ್ಲ, ಮನೆಯ ಶಾಂತಿಗೆ. ತಂದೆ ಸಿಟ್ಟಿನಲ್ಲಿರುವ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯಲ್ಲಿ, ಇದನ್ನು ಶುರುಮಾಡಿ ಎರಡನೇ ವಾರಕ್ಕೆ ಎಸೆಯುತ್ತಾರೆ. ಯಜಮಾನರು ರಾತ್ರಿ ಏಳುವ ಸರದಿಯಲ್ಲಿ ಅರ್ಧ ಹಂಚಿಕೊಳ್ಳುತ್ತೇನೆ ಎಂದರೆ ಮಾತ್ರ ಕೊಳ್ಳಿ.

ಮಾತ್ರೆಗಳಿಗೆ ಬರೋಣ. ನಿಮ್ಮ ಮನೆಯಲ್ಲಿರುವ ಇಮಿಪ್ರಮಿನ್ ಮೂಲತಃ ಖಿನ್ನತೆಯ ಔಷಧ. ಹಿಂದೆ ಇದಕ್ಕೆ ಬಹಳ ಬಳಸುತ್ತಿದ್ದೆವು, ಕೆಲವರಿಗೆ ಕೆಲಸವನ್ನೂ ಮಾಡುತ್ತದೆ. ಆದರೆ ಪ್ರಮಾಣ ಮೀರಿದರೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮಕ್ಕಳ ಕೈಗೆ ಸಿಕ್ಕಿ ಪ್ರಾಣ ಹೋದದ್ದುಂಟು. ಇಂದು ಅದು ಬೇರೆ ದಾರಿಗಳೆಲ್ಲ ಮುಗಿದ ಮೇಲೆ, ಹೃದಯ ಪರೀಕ್ಷಿಸಿ, ತಜ್ಞರು ಮಾತ್ರ ಕೊಡುವ ಮಾತ್ರೆ. ನಾದಿನಿಯವರ ಮಗನ ಮಾತ್ರೆಯನ್ನು ಕೊಡಬೇಡಿ. ಮನೆಯಲ್ಲಿಯೂ ಇಟ್ಟುಕೊಳ್ಳಬೇಡಿ.

ಈಗ ಬಳಕೆಯಲ್ಲಿರುವುದು ಡೆಸ್ಮೊಪ್ರೆಸಿನ್. ಆಗಲೇ ಹೇಳಿದ ವ್ಯಾಸೊಪ್ರೆಸಿನ್‌ನ ಕೃತಕ ರೂಪವಿದು. ರಾತ್ರಿ ಕೊಟ್ಟರೆ ಆ ರಾತ್ರಿ ಮೂತ್ರ ಕಡಿಮೆ ತಯಾರಾಗುತ್ತದೆ. ಮೂರರಲ್ಲಿ ಒಂದು ಪಾಲು ಮಕ್ಕಳಿಗೆ ಪೂರ್ತಿ, ಇನ್ನಷ್ಟು ಮಕ್ಕಳಿಗೆ ಭಾಗಶಃ ಫಲ ಸಿಗುತ್ತದೆ. ನಿಲ್ಲಿಸಿದರೆ ಬಹಳಷ್ಟು ಮಕ್ಕಳಲ್ಲಿ ತೊಂದರೆ ಮರಳುತ್ತದೆ, ಏಕೆಂದರೆ ಇದು ಗುಣಪಡಿಸುವುದಕ್ಕಿಂತ ಆ ರಾತ್ರಿಯನ್ನು ದಾಟಿಸುವ ಔಷಧ. ಅಪಾಯ ಒಂದೇ, ಆದರೆ ಸಣ್ಣದಲ್ಲ: ಮಾತ್ರೆ ಕೊಟ್ಟು ಮೇಲೆ ನೀರೂ ಕುಡಿಸಿದರೆ ದೇಹದಲ್ಲಿ ನೀರು ಉಳಿದು ರಕ್ತದ ಸೋಡಿಯಂ ಕುಸಿಯುತ್ತದೆ. ತಲೆನೋವು, ವಾಂತಿ, ಮಂಕು, ಕೊನೆಗೆ ಫಿಟ್ಸ್ ಬರಬಹುದು. ಮಾತ್ರೆಗೆ ಒಂದು ಗಂಟೆ ಮುಂಚಿನಿಂದ ನಂತರದ ಎಂಟು ಗಂಟೆಯವರೆಗೆ ಬಾಯಿ ಒದ್ದೆಯಾಗುವಷ್ಟು ಗುಟುಕು ನೀರಲ್ಲದೆ ಬೇರೇನೂ ಕೂಡದು. ಜ್ವರ, ವಾಂತಿ, ಭೇದಿ ಇದ್ದ ದಿನ ಮಾತ್ರೆಯೇ ಬೇಡ.

ಮದುವೆಯ ಎರಡು ರಾತ್ರಿಗೆ ಇದನ್ನು ಬಳಸಬಹುದು, ವೈದ್ಯರು ನೋಡಿ ಬರೆದುಕೊಟ್ಟರೆ. ಎರಡು ವಾರ ಮುಂಚೆಯೇ ಮನೆಯಲ್ಲಿ ಕೆಲವು ರಾತ್ರಿ ಕೊಟ್ಟು ಇವನಿಗೆ ಹಿಡಿಯುತ್ತದೆಯೇ ಎಂದು ನೋಡಿಕೊಳ್ಳಿ. ಛತ್ರದ ತೊಂದರೆ ಬೇರೆ: ಆರತಕ್ಷತೆಯ ಊಟ ರಾತ್ರಿ ಹತ್ತಕ್ಕೆ, ಪಾಯಸ, ಬಾದಾಮಿ ಹಾಲು, ಯಾರೋ ಮಾವ ಕೊಡಿಸಿದ ತಂಪು ಪಾನೀಯ. ಅವನಿಗೆ ಎಂಟರೊಳಗೆ ಊಟ ಮಾಡಿಸಿ, ಆಮೇಲೆ ಏನೂ ಕುಡಿಸದಿರಲು ಆಗುತ್ತದೆ ಎನ್ನುವ ಧೈರ್ಯವಿದ್ದರೆ ಮಾತ್ರ ಮಾತ್ರೆ. ಇಲ್ಲದಿದ್ದರೆ ದೊಡ್ಡ ಮಕ್ಕಳ ಅಳತೆಯ, ಚಡ್ಡಿಯಂತೆ ಹಾಕಿಕೊಳ್ಳುವ ಡೈಪರ್ ಸಿಗುತ್ತದೆ. ಮೇಲೆ ಕಪ್ಪು ಬಣ್ಣದ ಪೈಜಾಮ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಯಾವುದು ಬೇಕೆಂದು ಅವನನ್ನೇ ಕೇಳಿ. ಜಮಖಾನೆಯ ಅಂಚಿನಲ್ಲಿ, ನಿಮ್ಮ ಪಕ್ಕದಲ್ಲಿ ಮಲಗಿಸಿಕೊಳ್ಳಿ.

ಇನ್ನೊಂದು ಗುಂಪಿನ ಔಷಧ, ಆಕ್ಸಿಬ್ಯುಟಿನಿನ್‌ನಂಥವು, ಹಗಲಿನಲ್ಲೂ ಅವಸರ, ಸೋರುವಿಕೆ ಇರುವ ಮಕ್ಕಳಿಗೆ. ಅದು ಮಲಬದ್ಧತೆಯನ್ನು ಹೆಚ್ಚಿಸುತ್ತದೆ, ಹಾಗಾಗಿ ನಿಮ್ಮ ಮಗನಿಗೆ ಹೊಟ್ಟೆ ಸರಿಹೋಗುವ ಮೊದಲು ಯಾರಾದರೂ ಬರೆದರೆ ಒಂದು ಪ್ರಶ್ನೆ ಕೇಳಿ.

ಬಹುಮಾನ ಕೊಡುವ ಆಸೆ ಇದ್ದರೆ ಒಣ ರಾತ್ರಿಗೆ ಕೊಡಬೇಡಿ, ಅದು ಅವನ ಕೈಯಲ್ಲಿಲ್ಲ. ಬಾಟಲಿ ಖಾಲಿ ಮಾಡಿ ತಂದದ್ದಕ್ಕೆ, ಮಲಗುವ ಮುನ್ನ ಒಂದಕ್ಕೆ ಹೋದದ್ದಕ್ಕೆ, ಕಕ್ಕಸಿನಲ್ಲಿ ಐದು ನಿಮಿಷ ಕೂತದ್ದಕ್ಕೆ ಕೊಡಿ.

ಕ್ರಮ ಹೀಗಿರಲಿ: ಮೊದಲು ಮೂತ್ರ ಪರೀಕ್ಷೆ ಮತ್ತು ಹೊಟ್ಟೆಯ ಔಷಧ, ಜೊತೆಗೆ ಹಗಲಿನ ನೀರು. ಆರರಿಂದ ಎಂಟು ವಾರ ಅಷ್ಟೇ. ಆಗಲೂ ರಾತ್ರಿಗಳು ಬದಲಾಗದಿದ್ದರೆ ಅಲಾರಂ. ಅಲಾರಂ ನಿಲ್ಲಿಸಿದ ಮೇಲೆ ಕೆಲವರಿಗೆ ತೊಂದರೆ ಮರಳುತ್ತದೆ. ವಾರದಲ್ಲಿ ಎರಡು ರಾತ್ರಿಗಿಂತ ಹೆಚ್ಚು ಒದ್ದೆಯಾಗತೊಡಗಿದರೆ ಅದನ್ನೇ ಮತ್ತೆ ಹಾಕಿ, ಎರಡನೇ ಸಲ ಸಾಮಾನ್ಯವಾಗಿ ಬೇಗ ಹಿಡಿಯುತ್ತದೆ. ಮೂರು ತಿಂಗಳ ಅಲಾರಂ ಮತ್ತು ಮಾತ್ರೆ ಎರಡೂ ಸೋತರೆ, ಅಥವಾ ಈ ನಡುವೆ ಹಗಲಿನಲ್ಲೂ ಚಡ್ಡಿ ಒದ್ದೆಯಾಗಲು ಶುರುವಾದರೆ, ಮಕ್ಕಳ ಮೂತ್ರಪಿಂಡ ತಜ್ಞರಿಗೆ ಅಥವಾ ಮಕ್ಕಳ ಮೂತ್ರಾಂಗ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಭಾನುವಾರದ ಆ ಅಳತೆಯ ಹಾಳೆಯನ್ನು ಅವರಿಗೂ ಕೊಡಿ.